ಮಸಿ ಚೆಲ್ಲಿದ ಜಾಗ

ಭಾನುವಾರ ತಾನು ಆಡಿದ ಮಾತಿನಲ್ಲಿ ತಪ್ಪೇನಿತ್ತು ಎಂಬುದು ಮಂಗಳವಾರ ಬೆಳಿಗ್ಗೆಯಾದರೂ ಕೆಂಪರಾಜುವಿಗೆ ಹೊಳೆದಿರಲಿಲ್ಲ. ತಪ್ಪಾಗಿದೆ ಎಂಬುದು ಮಾತ್ರ ಗೊತ್ತಿತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮಾವಿನ ನಾರಿನಂತೆ ಅದು ಇದ್ದಲ್ಲೇ ಇತ್ತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಗಡ್ಡ ಕೆರೆದುಕೊಳ್ಳುತ್ತ ಅವನು ಅಡುಗೆಮನೆಯ ಕಡೆ ಕಿವಿಗೊಟ್ಟ. ತನುಜ ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ಸೌಟು ಬಾಣಲೆಗೆ ತಾಗುವ ಸದ್ದಿನಲ್ಲಿ ಕೋಪವೇನಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಎರಡು ದಿನದಿಂದ ಅವಳು ಎಂದಿನಂತೆಯೇ ಇದ್ದಳು, ಅತ್ತೆಗೆ ಮಾತ್ರೆ ಕೊಟ್ಟಿದ್ದಳು, ಅವನ ಅಂಗಿಗೆ ಗುಂಡಿ ಹೊಲಿದಿದ್ದಳು, ಪಕ್ಕದ ಮನೆಯವರ ಹತ್ತಿರ ನಿಂತು ನಕ್ಕಿದ್ದಳು. ಚಿತ್ರದ ವಿಷಯವನ್ನು ಮಾತ್ರ ಎತ್ತಿರಲಿಲ್ಲ. ಅದಕ್ಕೆ ಮೊದಲು ಹತ್ತು ದಿನ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ತನುಜ ಗೌರಿಬಿದನೂರಿನಿಂದ ಮಂಚೇನಹಳ್ಳಿಗೆ ಹೋಗುವ ದಾರಿಯಲ್ಲಿನ ಒಂದು ಪ್ರೈಮರಿ ಶಾಲೆಯ ಟೀಚರು. ಬೇಸಿಗೆ ರಜೆಯಲ್ಲಿ ಚಿಕ್ಕಬಳ್ಳಾಪುರದಲ್ಲಿ ಟೀಚರುಗಳಿಗೆಂದು ಹತ್ತು ದಿನದ ಚಿತ್ರಕಲಾ ಶಿಬಿರ ನಡೆದಿತ್ತು. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಸಾಯಂಕಾಲ ಉಗುರಿನ ಸಂದಿಯಲ್ಲೆಲ್ಲ ಕಪ್ಪು ಮೆತ್ತಿಕೊಂಡು ಬರುತ್ತಿದ್ದಳು. ಸಾರಿಗೆ ಹುಳಿ ಹಿಂಡುವಾಗ ಕೊಂಡಮ್ಮ, ಅಂದರೆ ಅವನ ತಾಯಿ, ಸೊಸೆಯ ಕೈ ನೋಡಿ ಮುಖ ಹುಳ್ಳಗೆ ಮಾಡುತ್ತಿದ್ದಳು. ಕೆಂಪರಾಜು ಹಾಗೆಲ್ಲ ಮಾಡಿದವನಲ್ಲ. ಅವನಿಗೆ ಒಳಗೊಳಗೇ ಹೆಮ್ಮೆಯೇ ಇತ್ತು. ಕೊನೆಯ ದಿನದ ಪ್ರದರ್ಶನಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ. ಅದೂ ಅಲ್ಲದೆ ಸ್ಕೆಚ್ ಎಂದರೆ ಏನೆಂದು ಆ ಹಾಲಿನಲ್ಲಿದ್ದ ಮಿಕ್ಕ ಗಂಡಂದಿರಿಗಿಂತ ತನಗೆ ಹೆಚ್ಚು ಗೊತ್ತು ಎಂದುಕೊಂಡಿದ್ದ. ಮಂಚೇನಹಳ್ಳಿ ತಾಲ್ಲೂಕು ಕಚೇರಿಯಲ್ಲಿ ಅವನು ಸರ್ವೆಯರು. ಇಪ್ಪತ್ತೊಂಬತ್ತು ವರ್ಷದಿಂದ ಜನರ ಜಮೀನು ಅಳೆದು ಅವನು ಬರೆದುಕೊಟ್ಟಿದ್ದೇ ಸ್ಕೆಚ್ಚು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಡಿಯನ್ ಇಂಕಿನಲ್ಲಿ, ಕಡ್ಡಿ ನಿಬ್ಬಿನಲ್ಲಿ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದ ಕಾಲವದು. ಒಂದು ಹನಿ ಬಿದ್ದರೆ ಇಡೀ ಹಾಳೆ ಹರಿದುಹಾಕಿ ಮೊದಲಿಂದ ಬರೆಯಬೇಕಾಗಿತ್ತು. ಎರಡು ಗೆರೆ ಸೇರುವಲ್ಲಿ ಸೇರಬೇಕು, ಮುಗಿಯುವಲ್ಲಿ ಮುಗಿಯಬೇಕು. ಇಲ್ಲದಿದ್ದರೆ ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ.

ತನುಜಳ ಚಿತ್ರದಲ್ಲಿ ಒಂದು ಗೆರೆಯೂ ನೆಟ್ಟಗಿರಲಿಲ್ಲ. ಕೆಳಗೆ ಅಂಟಿಸಿದ ಚೀಟಿಯಲ್ಲಿ ಅವಳ ಹೆಸರು, ಅದರ ಪಕ್ಕ ‘ಗೇಟು ಬಿದ್ದಾಗ’ ಎಂದಿತ್ತು. ಅವರ ಬಡಾವಣೆಗೂ ಊರಿಗೂ ನಡುವೆ ಇರುವ ರೈಲ್ವೆ ಗೇಟು ಎಂದು ಅದನ್ನು ಓದಿದ ಮೇಲೆ ತಿಳಿಯಿತು. ಅಡ್ಡ ಬಿದ್ದ ಕಂಬಿ ಬಿಲ್ಲಿನ ಹಾಗೆ ಬಾಗಿತ್ತು. ಕರೆಂಟು ತಂತಿಗಳು ಬೆಕ್ಕು ಪರಚಿದ ಹಾಗಿದ್ದವು. ಗಾರ್ಮೆಂಟ್ಸ್ ವ್ಯಾನಿನ ಕಿಟಕಿಗಳಲ್ಲಿ ಉದ್ದುದ್ದ ಮುಖಗಳು, ಕಣ್ಣಿರಬೇಕಾದಲ್ಲಿ ಬರೀ ತೂತು. ಒಬ್ಬ ಬೈಕಿನವನ ಕೈಗಳು ಹದ್ದಿನ ಕಾಲಿನ ಹಾಗೆ ಹ್ಯಾಂಡಲ್ಲನ್ನು ಕಚ್ಚಿ ಹಿಡಿದಿದ್ದವು. ನಾಯಿಯೊಂದು ಆಟೋಗಿಂತ ದೊಡ್ಡದಾಗಿತ್ತು. ಇದೆಲ್ಲ ಒಂದು ಕಡೆಯಾದರೆ, ಹಾಳೆಯ ಎಡಗಡೆಯ ಮೂರನೇ ಒಂದು ಭಾಗ ಪೂರ್ತಿ ಕಪ್ಪು. ಮೇಲಿನಿಂದ ಕೆಳಗಿನವರೆಗೆ, ಒಂದು ಪಕ್ಕಕ್ಕೆ ಜಾರಿದಂತಿರುವ ಗಟ್ಟಿ ಕಪ್ಪು. ಅವನಿಗೆ ಪಾಪ ಅನ್ನಿಸಿತು. ಹತ್ತು ದಿನದ ಕೆಲಸ, ಕೊನೆಗಳಿಗೆಯಲ್ಲಿ ಹೀಗಾಗಿರಬೇಕು, ಬೇರೆ ಬರೆಯಲು ಟೈಮು ಸಿಕ್ಕಿರಲಿಕ್ಕಿಲ್ಲ. ಶಿಬಿರ ನಡೆಸಿದ ಕಲಾವಿದರು ಮುನಿನಾರಾಯಣಪ್ಪನವರು, ತನುಜಳ ಶಾಲೆಯ ಹೆಡ್ ಮೇಡಮ್ಮು, ಇನ್ನೂ ನಾಲ್ಕೈದು ಜನ ಸುತ್ತ ನಿಂತಿದ್ದರು. ಹೆಂಡತಿಯ ಪರವಾಗಿಯೇ ಅವನು ಹೇಳಿದ್ದು. “ಚೆನ್ನಾಗೇ ಬಂದಿದೆ. ಪಾಪ, ಇಲ್ಲಿ ಮಸಿ ಚೆಲ್ಲೋಗಿದೆ ನೋಡಿ, ಅದೊಂದು ಇಲ್ದಿದ್ರೆ.” ಯಾರೋ ಕಿಸಕ್ಕೆಂದರು. ಹೆಡ್ ಮೇಡಮ್ಮು ಮುಂದಿನ ಚಿತ್ರದ ಕಡೆ ತಿರುಗಿದರು. ಮುನಿನಾರಾಯಣಪ್ಪನವರು ಕನ್ನಡಕ ತೆಗೆದು, ಒರೆಸಿ, ತನುಜಳ ಮುಖ ನೋಡಿದರು. ತನುಜ, “ಹೌದು,” ಎಂದಳು. ಆ ‘ಹೌದು’ ಎರಡು ದಿನದಿಂದ ಅವನ ಕಿವಿಯಲ್ಲಿತ್ತು. ತಪ್ಪು ಉತ್ತರ ಹೇಳಿದ ಮಗುವನ್ನು ಎಲ್ಲರ ಮುಂದೆ ತಿದ್ದಬಾರದೆಂದು ಟೀಚರು ಸುಮ್ಮನಾಗುವ ಹಾಗಿತ್ತು ಅದು.

ಚಿತ್ರಾನ್ನ ತಿಂದು ಹೊರಗೆ ಬಂದರೆ ಬೈಕು ಸ್ಟಾರ್ಟಾಗಲಿಲ್ಲ. ಕಿಕ್ಕರ್ ಒದ್ದು ಒದ್ದು ಬೆವರಿದ. ಬಾಗಿಲಲ್ಲಿ ಕೂತಿದ್ದ ಕೊಂಡಮ್ಮ ಎಂದಿನಂತೆ ತೆಲುಗು ಬೆರೆಸಿ, “ಏಂ ರಾ, ಕಾಲೇದಾ? ಆಗ್ಲಿಲ್ವಾ? ನಿಮ್ಮಪ್ಪನ ಸೈಕಲ್ಲೇ ವಾಸಿ, ಒಂದು ದಿನಾನೂ ಹಿಂಗೆ ಆಟ ಆಡ್ಸಿದ್ದಿಲ್ಲ,” ಎಂದಳು. ಅವತ್ತು ಚಿಕ್ಕಬಳ್ಳಾಪುರದ ಜಿಲ್ಲಾ ಕಚೇರಿಗೆ ಒಂದಷ್ಟು ಫೈಲು ತಲುಪಿಸಬೇಕಿತ್ತು, ಅದನ್ನು ಮಂಚೇನಹಳ್ಳಿಯಿಂದ ಎತ್ತಿಕೊಂಡು ಹೋಗಬೇಕಿತ್ತು. ತಡವಾದರೆ ಅಲ್ಲಿನವರು ಊಟಕ್ಕೆ ಎದ್ದುಹೋಗುತ್ತಾರೆ. ತನುಜ ಒಳಗಿನಿಂದ, “ಭಾನುಪ್ರಕಾಶ್‌ಗೆ ಫೋನ್ ಮಾಡ್ರಿ, ಇನ್ನೂ ಹೊರಟಿರಲ್ಲ,” ಎಂದಳು. ಭಾನುಪ್ರಕಾಶ್ ಅದೇ ಕಚೇರಿಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ಐದೇ ನಿಮಿಷದಲ್ಲಿ ಬಂದ. ಕೆಂಪರಾಜು ಅವನ ಹಿಂದೆ ಕಾಲು ಹಾಕಿ ಕೂತ. ಎಷ್ಟು ವರ್ಷವಾಯಿತು ಹೀಗೆ ಇನ್ನೊಬ್ಬರ ಹಿಂದೆ ಕೂತು ಎಂದು ಲೆಕ್ಕ ಹಾಕಲು ಹೋಗಿ ನೆನಪಾಗಲಿಲ್ಲ. ಕೈ ಎಲ್ಲಿಡಬೇಕೆಂಬುದೇ ಗೊತ್ತಾಗದೆ ತೊಡೆಯ ಮೇಲಿಟ್ಟುಕೊಂಡ, ಗುಂಡಿ ಬಂದಾಗ ಹಿಂದಿನ ಕಂಬಿ ಹಿಡಿದ.

ಗೇಟು ಬಿದ್ದಿತ್ತು. ಭಾನುಪ್ರಕಾಶ್ ಸಂದಿಯಲ್ಲಿ ನುಸುಳಿ ಕಂಬಿಯ ಹತ್ತಿರಕ್ಕೆ ತಂದು ನಿಲ್ಲಿಸಿದ. ಎಂಟೂವರೆಯ ಬಿಸಿಲು ನೇರ ಎದುರಿಗಿತ್ತು. ರೈಲು ಎಲ್ಲಿಯವರೆಗೆ ಬಂದಿದೆ ನೋಡೋಣವೆಂದು ಕೆಂಪರಾಜು ತಲೆ ಎತ್ತಿದ. ಏನೂ ಕಾಣಲಿಲ್ಲ. ಎದುರಿಗೆ ಭಾನುಪ್ರಕಾಶನ ಬೆನ್ನಿತ್ತು. ಬೆಳಿಗ್ಗೆ ಮನೆ ಮುಂದೆ ತಿಳಿನೀಲಿಯಾಗಿದ್ದ ಅಂಗಿ ಈಗ ಬಿಸಿಲಿಗೆ ಅಡ್ಡವಾಗಿ ಕಪ್ಪಾಗಿತ್ತು. ಎಡಗಡೆಯ ಅರ್ಧ ಲೋಕ ಅದರ ಹಿಂದೆ ಹೋಗಿತ್ತು. ಬಲಗಡೆ ಸಿಕ್ಕ ಸಂದಿಯಲ್ಲಿ ಒಂದು ವ್ಯಾನು, ವ್ಯಾನಿನ ಕಿಟಕಿಗೆ ತಲೆ ಕೊಟ್ಟು ನಿದ್ದೆಹೋದ ಒಬ್ಬ ಹೆಂಗಸು, ಅವಳ ತಲೆಯ ಮೇಲೆ ತಂತಿಗಳು. ಕಂಬಿಯ ಈ ತುದಿ ಮಾತ್ರ ಕಾಣುತ್ತಿತ್ತು. ಮಿಕ್ಕಿದ್ದು ಬೆನ್ನು. ಅವನು ಇನ್ನೂ ಏನನ್ನೂ ಯೋಚಿಸಿರಲಿಲ್ಲ. ಮೈ ಮೊದಲು ಬೆಚ್ಚಗಾಯಿತು, ಕಿವಿಯ ಬುಡದಿಂದ ಶುರುವಾಗಿ ಕುತ್ತಿಗೆಗೆ ಇಳಿಯಿತು. ಆಮೇಲೆ, ತೀರ ನಿಧಾನವಾಗಿ, ಎಡಗಡೆಯ ಮೂರನೇ ಒಂದು ಭಾಗ ಎಂದುಕೊಂಡ. ಮೇಲಿನಿಂದ ಕೆಳಗಿನವರೆಗೆ ಎಂದುಕೊಂಡ. ಅದು ನಿಜವೋ ಎಂದು ಪರೀಕ್ಷೆ ಮಾಡುವವನಂತೆ ಎಡಕ್ಕೆ ವಾಲಿ, ಬೆನ್ನಿನ ಆಚೆ ಬಗ್ಗಿ ನೋಡಲು ಹೋದ.

“ಅಲ್ಲಾಡ್ಬೇಡಿ ಸಾರ್, ಬ್ಯಾಲೆನ್ಸ್ ಹೋಗ್ತದೆ,” ಎಂದ ಭಾನುಪ್ರಕಾಶ್.

ಈ ಮಾತು ಯಾರದೆಂದು ಅವನಿಗೆ ಗೊತ್ತಿತ್ತು. ತನುಜ ಈಗಿನ ಶಾಲೆಗೆ ವರ್ಗವಾಗಿ ಬಂದು, ದಿನಾ ಬೆಳಿಗ್ಗೆ ಅವನ ಬೈಕಿನ ಹಿಂದೆ ಕೂತು ಹೋಗತೊಡಗಿದ ಹೊಸದು, ಅಂದರೆ ಹತ್ತೊಂಬತ್ತು ವರ್ಷದ ಹಿಂದೆ. ಇದೇ ಗೇಟಿನಲ್ಲಿ ಅವಳು ಅವನ ಭುಜ ತಟ್ಟಿ, “ರೀ, ಅಲ್ಲಿ ನೋಡ್ರಿ, ಬೇಗ,” ಎಂದಿದ್ದಳು. ಅವನು ನೋಡಲಿಲ್ಲ. ಅವತ್ತು ಯಾವುದೋ ಜಮೀನಿನ ಗಡಿ ಗುರುತಿಸುವ ಹದ್ದುಬಸ್ತಿಗೆ ತಡವಾಗಿತ್ತು, ಗಡಿಕಲ್ಲಿನ ಹತ್ತಿರ ಎರಡು ಕಡೆಯವರೂ ದೊಣ್ಣೆ ಹಿಡಿದು ಕಾಯುತ್ತಿದ್ದರು. “ಸುಮ್ನೆ ಕೂತ್ಕೊಮ್ಮ, ಬ್ಯಾಲೆನ್ಸ್ ಹೋಗ್ತದೆ,” ಎಂದಿದ್ದ. ಅದಾದ ಮೇಲೂ ಇನ್ನೆರಡು ಸಲ ತಟ್ಟಿದ್ದಳೇನೋ. ಆಮೇಲೆ ತಟ್ಟಲಿಲ್ಲ. ತಟ್ಟುವುದು ನಿಂತದ್ದು ಅವನ ಗಮನಕ್ಕೆ ಬಂದಿರಲೂ ಇಲ್ಲ, ಗೇಟು ಎತ್ತಿದರೆ ಗೇರು ಹಾಕುವುದು, ಗೇಟು ಬಿದ್ದರೆ ಆಫ್ ಮಾಡುವುದು, ಅಷ್ಟೇ. ಅವಳು ಹಿಂದೆ ಕೂತು ಏನು ನೋಡುತ್ತಿದ್ದಳು? ಅವಳು ಏನಾದರೂ ನೋಡುತ್ತಿರಬಹುದು ಎಂದೇ ಅವನಿಗೆ ಹೊಳೆದಿರಲಿಲ್ಲ. ಅಂದು ತೋರಿಸಲು ಹೋದದ್ದು ಏನಿರಬಹುದು ಎಂದು ಈಗ ತವಕವಾಯಿತು. ರೈಲು ದಡದಡನೆ ಹೋಯಿತು. ಅದರ ಡಬ್ಬಿಗಳೂ ಅವನಿಗೆ ಅರ್ಧರ್ಧವೇ ಕಂಡವು. ಗೇಟು ಎತ್ತುವಾಗ ವ್ಯಾನಿನ ಹೆಂಗಸು ಎಚ್ಚರಾಗಿ, ಬಾಯಿ ಒರೆಸಿಕೊಂಡು, ನೇರ ಇವನನ್ನೇ ನೋಡಿದಳು. ಅವನು ನಾಚಿ ತಲೆ ತಗ್ಗಿಸಿದ.

ಮಂಚೇನಹಳ್ಳಿಯಿಂದ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಕೂತಾಗ ಅವನ ಮನಸ್ಸು ಕೆಟ್ಟಿತು. ಮಸಿ ಎಂದದ್ದು ದಡ್ಡತನ, ಅದಿರಲಿ. ಅದಕ್ಕಿಂತ ದೊಡ್ಡದು ಈಗ ಎದ್ದು ನಿಂತಿತ್ತು. ಹೆಂಡತಿ ಒಂದು ಹಾಳೆ ತೆಗೆದುಕೊಂಡು ತಾನು ದಿನಾ ಕಾಣುವ ಲೋಕ ಬರೆದರೆ ಅದರಲ್ಲಿ ಗಂಡ ಒಂದು ಕಪ್ಪು ಗೋಡೆ. ಮುಖವಿಲ್ಲ, ಕೈಯಿಲ್ಲ. ಅಡ್ಡ. ಇದನ್ನು ಅವಳು ಇಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದಳೇ? ಅವನು ಕುಡಿಯುವವನಲ್ಲ, ಕೈಯೆತ್ತಿದವನಲ್ಲ, ಮಳೆ ಬಂದರೆ ಶಾಲೆಯ ಗೇಟಿನವರೆಗೆ ಹೋಗಿ ಕಾದು ಕರೆತರುತ್ತಿದ್ದ. ಮುನಿನಾರಾಯಣಪ್ಪನವರು ಕನ್ನಡಕ ಒರೆಸಿದ್ದು ಯಾಕೆಂದು ಈಗ ತಿಳಿಯಿತು. ಅವರಿಗೆ ಗೊತ್ತಿತ್ತು. ಹೆಡ್ ಮೇಡಮ್ಮಿಗೂ ಗೊತ್ತಿತ್ತು. ಆ ಗೋಡೆಯೇ ಬಿಳಿ ಅಂಗಿ ಹಾಕಿಕೊಂಡು ಬಂದು, ತನ್ನ ಎದುರು ತಾನೇ ನಿಂತು, ಇಲ್ಲಿ ಮಸಿ ಚೆಲ್ಲಿದೆ ಎಂದು ಕನಿಕರ ತೋರಿಸಿತ್ತು. ಪಕ್ಕದ ಸೀಟಿನವರು ಕಿಟಕಿ ಹಾಕಿ ಎಂದು ಎರಡು ಸಲ ಹೇಳಿದ ಮೇಲೆ ಅವನಿಗೆ ಕೇಳಿಸಿತು.

ಜಿಲ್ಲಾ ಕಚೇರಿಯಲ್ಲಿ ಫೈಲು ಕೊಟ್ಟು, ಸಹಿ ಹಾಕಿಸಿಕೊಂಡು, ಊಟ ಮಾಡದೆ ಅವನು ಪ್ರದರ್ಶನದ ಹಾಲಿಗೆ ನಡೆದ. ಶನಿವಾರದವರೆಗೆ ಚಿತ್ರಗಳು ಇರುತ್ತವೆಂದು ಗೊತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಅಟೆಂಡರ್ ಹೆಂಗಸೊಬ್ಬಳು ಕೂತು ಡಬ್ಬಿಯಲ್ಲಿನ ಮೊಸರನ್ನ ಮುಗಿಸುತ್ತಿದ್ದಳು. ಸೀರೆಗೆ ಸಿಕ್ಕಿಸಿದ ಕಾರ್ಡಿನಲ್ಲಿ ಚಿಕ್ಕವೆಂಕಟಮ್ಮ ಎಂದಿತ್ತು. “ಬನ್ನಿ ಸಾರ್, ಆ ಬುಕ್ಕಲ್ಲಿ ಒಂದು ಹೆಸರು ಬರೀರಿ,” ಎಂದಳು. ಅವನು ಬರೆದು ಚಿತ್ರದ ಎದುರು ಹೋಗಿ ನಿಂತ.

ಮೊದಲು ಕಪ್ಪನ್ನೇ ನೋಡಿದ. ಭಾನುವಾರ ಒಂದೇ ಗಟ್ಟಿ ಕಪ್ಪೆಂದು ಕಂಡದ್ದು ಹತ್ತಿರ ಹೋದರೆ ಹಾಗಿರಲಿಲ್ಲ. ಅದು ಗೆರೆಗಳು. ಒಂದರ ಮೇಲೊಂದು, ಅಡ್ಡ, ಉದ್ದ, ಓರೆ, ಕೂದಲೆಳೆಯಷ್ಟು ಸಣ್ಣ ಗೆರೆಗಳು, ಸಾವಿರವಿರಬಹುದು, ಹೆಚ್ಚೇ ಇರಬಹುದು. ನಿಬ್ಬು ಹಿಡಿದ ಕೈಗೆ ಅದರ ನೋವು ಗೊತ್ತಾಗುತ್ತದೆ. ಹೆಬ್ಬೆರಳ ಬುಡ ಹಿಡಿದುಕೊಂಡುಬಿಡುತ್ತದೆ. ಚಿತ್ರದ ಬೇರೆಲ್ಲ ಕಡೆ ಒಂದೇ ಏಟಿಗೆ ಸರಕ್ಕನೆ ಎಳೆದವಳು ಇಲ್ಲಿ ಮಾತ್ರ ಕೂತು ನೇಯ್ದಿದ್ದಳು. ಕಾಲರಿನ ಹತ್ತಿರ ಕೂದಲು ಮುಗಿಯುವಲ್ಲಿ ಒಂದು ಅಕ್ಕಿಕಾಳಿನಷ್ಟು ಬಿಳಿ ಬಿಟ್ಟಿದ್ದಳು. ಅಲ್ಲಿ ಬಿಸಿಲು ಬಿದ್ದಿತ್ತು. ಎಡಭುಜ ಬಲಕ್ಕಿಂತ ಕೆಳಗಿತ್ತು. ಭಾನುವಾರ ಅದನ್ನೇ ಅವನು ಮಸಿ ಜಾರಿದ್ದು ಎಂದುಕೊಂಡಿದ್ದ. ಕಪ್ಪಿನಿಂದ ಕಣ್ಣು ಕಿತ್ತು ಮಿಕ್ಕದ್ದನ್ನು ನೋಡಿದರೆ ಅದೂ ಬೇರೆಯಾಗಿತ್ತು. ಕಂಬಿ ಬಾಗಿದ್ದು ತಪ್ಪಿನಿಂದಲ್ಲ. ಅಷ್ಟು ಜನ ಅಷ್ಟು ಆತುರದಿಂದ ಅದನ್ನು ನೋಡುತ್ತಿದ್ದರೆ ಕಂಬಿ ಬಾಗದೆ ಏನು ಮಾಡುತ್ತದೆ. ಹದ್ದಿನ ಕಾಲಿನಂಥ ಆ ಕೈಗಳು ಬೆಳಿಗ್ಗೆ ಭಾನುಪ್ರಕಾಶನ ಕೈಗಳಾಗಿದ್ದವು, ರೈಲು ಬರುವ ಮೊದಲೇ ಎಕ್ಸಲರೇಟರ್ ತಿರುಗಿಸುತ್ತಿದ್ದವು. ನಾಯಿ ಆಟೋಗಿಂತ ದೊಡ್ಡದು ಯಾಕೆಂದರೆ ಅಲ್ಲಿ ಆತುರವಿಲ್ಲದ್ದು ಅದೊಂದೇ. ಒಬ್ಬಳು ಹುಡುಗಿ ಮೊಬೈಲು ನೋಡುತ್ತಿದ್ದಳು, ಅವಳ ಗಲ್ಲದ ಕೆಳಗೆ ಹಾಳೆಯನ್ನು ಹಾಗೇ ಬಿಳಿ ಬಿಟ್ಟು ಬೆಳಕು ಮಾಡಿದ್ದಳು ತನುಜ. ವ್ಯಾನಿನ ಕಿಟಕಿಯ ಹೆಂಗಸಿಗೆ ಬಾಯಿ ಎಂದು ಇದ್ದದ್ದು ಒಂದೇ ಗೆರೆ, ತುದಿಯಲ್ಲಿ ಸ್ವಲ್ಪ ಕೆಳಗೆ ಇಳಿದಿತ್ತು. ಅಷ್ಟರಲ್ಲೇ ಅವಳ ನಿದ್ದೆ, ನಿದ್ದೆಯ ಹಿಂದಿನ ದಣಿವು ಎಲ್ಲ ಇತ್ತು. ಆ ಒಂದು ಗೆರೆಯನ್ನು ತಾನು ಇಪ್ಪತ್ತೊಂಬತ್ತು ವರ್ಷದಲ್ಲಿ ಎಳೆಯಲಾರದೆ ಹೋದೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದರಲ್ಲಿ ದುಃಖವಿರಲಿಲ್ಲ. ತನ್ನ ಮನೆಯ ಅಡುಗೆಮನೆಯಲ್ಲಿ ಓಡಾಡುವ ಕೈ ಅದು ಎಂಬ ಬೆರಗಿತ್ತು.

“ಎಲ್ರೂ ಇದರ ಮುಂದೇನೇ ನಿಲ್ಲೋದು ಸಾರ್,” ಎಂದಳು ಚಿಕ್ಕವೆಂಕಟಮ್ಮ ಪಕ್ಕದಲ್ಲಿ ಬಂದು. ಕೈ ತೊಳೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. “ಈವಮ್ಮನ್ನ ನೋಡಿ, ಪಾಪ, ಮನೇಲಿ ಕೆಲಸ ಎಲ್ಲಾ ಮುಗಿಸ್ಕೊಂಡು ಬಂದವಳೆ, ಅದ್ಕೇ ಆ ನಿದ್ದೆ.”

“ಮತ್ತೆ ಇದು?” ಎಂದು ಅವನು ಕಪ್ಪನ್ನು ತೋರಿಸಿದ.

“ಅದಾ? ಗಾಡಿ ಓಡ್ಸೋರ ಬೆನ್ನು ಅಲ್ವಾ ಸಾರ್. ನಾನೂ ನಮ್ಮೆಜಮಾನ್ರ ಹಿಂದೆ ಕೂತ್ಕೊಂಡೇ ಬರೋದು ದಿನಾ. ಹಿಂಗೇ ಕಾಣೋದು.” ಇಷ್ಟೂ ಗೊತ್ತಾಗಲಿಲ್ಲವೇ ಎಂಬಂತೆ ಅವನನ್ನು ನೋಡಿದಳು.

“ಅಡ್ಡ ಇದೆ ಅಂತ ಬೇಜಾರಾಗಲ್ವಾ ನಿಮಗೆ?”

“ಬೇಜಾರು ಯಾಕೆ ಸಾರ್? ಒಂದೊಂದು ದಿನ ಕೋಪ ಬರ್ತದೆ, ಅದು ಬೇರೆ. ಬೆಳಿಗ್ಗೆ ಬಿಸಿಲಲ್ಲಿ ಕಣ್ಣು ಬಿಡೋಕಾಗಲ್ಲ, ನಾನು ಅಲ್ಲೇ ತಲೆ ಇಟ್ಕೊಂಡು ಬರ್ತೀನಿ.” ಅವಳು ನಕ್ಕಳು. ಅವನು ಥ್ಯಾಂಕ್ಸ್ ಎಂದು ಹೇಳಿ, ಬ್ಯಾಗು ಭುಜಕ್ಕೇರಿಸಿ ಬಾಗಿಲ ಕಡೆ ನಡೆದ. ಹೊಸಲು ದಾಟುವಷ್ಟರಲ್ಲಿ ಹಿಂದಿನಿಂದ ಅವಳ ದನಿ ಬಂತು. “ಸಾರ್, ತಪ್ಪು ತಿಳ್ಕೋಬೇಡಿ. ಆ ಬೆನ್ನು ನಿಮ್ದೇ ಅಲ್ವಾ? ಭುಜ ಹಂಗೇ ವಾಲಿದೆ.”

ಕೆಂಪರಾಜು ಅಲ್ಲೇ ನಿಂತ. ಜಮೀನು ಅಳೆಯುವ ಸರಪಳಿ ತುಂಬಿದ ಚೀಲವನ್ನು ಎಡಭುಜಕ್ಕೆ ಹಾಕಿಕೊಂಡು ಅವನು ನಡೆದ ಹೊಲಗದ್ದೆ ಎಷ್ಟೋ. ಈಗ ಸರಪಳಿ ಹೋಗಿ ಮಷೀನು ಬಂದಿದೆ, ಭುಜ ಮಾತ್ರ ಆ ತೂಕವನ್ನು ಇನ್ನೂ ಹೊತ್ತಿತ್ತು. ಟೈಲರು ಹೇಳಿರಲಿಲ್ಲ, ಕನ್ನಡಿ ತೋರಿಸಿರಲಿಲ್ಲ. ಹೆಂಡತಿಗೆ ಗೊತ್ತಿತ್ತು. “ಹೌದಮ್ಮ, ನಂದೇ,” ಎಂದ. “ನಮ್ಮ ಮನೆಯವರು ಬರೆದಿರೋದು.” ಹೇಳಿದ ಮೇಲೆ ಎದೆ ಹಗುರಾಯಿತು. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಹೋಟೆಲಿಗೆ ನುಗ್ಗಿ ಎರಡು ಪ್ಲೇಟ್ ಇಡ್ಲಿ ತಿಂದ.

ಮನೆ ಸೇರುವಾಗ ಐದೂವರೆ. ತನುಜ ಮಹಡಿಯ ಮೇಲೆ ಒಣಗಿದ ಬಟ್ಟೆ ಎತ್ತುತ್ತಿದ್ದಳು. ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಅವಳ ಮುಖ ನೋಡಿದೊಡನೆ ಅವೆಲ್ಲ ಕಳೆದುಹೋದವು.

“ಆ ವ್ಯಾನಿನ ಹೆಂಗಸು,” ಎಂದ, ಏದುಸಿರು ಬಿಡುತ್ತ. “ಅವಳ ಬಾಯಿ ಒಂದೇ ಗೆರೆ. ಅದರಲ್ಲೇ ನಿದ್ದೆ ಕಾಣ್ತದೆ. ಹೆಂಗೆ ಬರೆದೆ ಅದನ್ನ?”

ತನುಜ ಕೈಯಲ್ಲಿದ್ದ ಲಂಗವನ್ನು ಅರ್ಧ ಮಡಿಸಿ ನಿಂತಳು. “ಎಲ್ಲಿ ನೋಡಿದ್ರಿ?”

“ಹೋಗಿದ್ದೆ ಇವತ್ತು. ಒಬ್ನೇ.”

“ಅದನ್ನ ಹದಿನಾಲ್ಕು ಸಲ ಬರೆದೆ,” ಎಂದಳು ಅವಳು. “ಹದಿನಾಲ್ಕನೇದು ಸರಿಯಾಯ್ತು. ಯಾರಿಗೂ ಕಾಣಲ್ಲ ಅನ್ಕೊಂಡಿದ್ದೆ.” ಅವಳ ಮುಖದಲ್ಲಿ ಮೆಲ್ಲಗೆ ಏನೋ ಬಿಚ್ಚಿಕೊಳ್ಳುತ್ತಿತ್ತು, ಅವನು ಅದನ್ನು ನೋಡುತ್ತ ನಿಂತ. ನಂತರ ಹೇಳಬೇಕಾದದ್ದನ್ನು ಹೇಳಿದ. “ಅದು ಮಸಿ ಚೆಲ್ಲಿದ್ದಲ್ಲ.”

“ಯಾರು ಹೇಳಿದ್ರು?”

“ಭಾನು ಹಿಂದೆ ಕೂತಿದ್ದೆ. ಗೇಟು ಬಿದ್ದಿತ್ತು.”

ತನುಜ ನಗಲು ಶುರುಮಾಡಿದಳು. ಬಟ್ಟೆಯ ರಾಶಿಯನ್ನು ಎದೆಗೊತ್ತಿಕೊಂಡು, ನೀರಿನ ಟ್ಯಾಂಕಿಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನಿಗೂ ನಗು ಬಂತು, ಆದರೆ ಕೇಳಬೇಕಾದದ್ದು ಇನ್ನೂ ಉಳಿದಿತ್ತು. “ಅವತ್ತೇ ಹೇಳಬಾರದಿತ್ತಾ?”

“ಅಷ್ಟು ಜನದ ಮುಂದೆ ಇದು ನಿಮ್ಮ ಬೆನ್ನು ಅಂತ ಹೆಂಗೆ ಹೇಳಲಿ? ನಿಮಗೇ ಅವಮಾನ. ಬೇಜಾರಾಯ್ತು ಅವತ್ತು, ಸುಳ್ಳು ಯಾಕೆ ಹೇಳ್ಲಿ. ರಾತ್ರಿ ಮಲಗಿದ ಮೇಲೆ ನಗು ಬಂತು. ನಿಮ್ಮನ್ನ ಎಬ್ಬಿಸೋಣ ಅನ್ಕೊಂಡೆ.”

“ನನ್ನಿಂದ ನಿನಗೆ ಏನೂ ಕಾಣ್ತಿರ್ಲಿಲ್ವಾ, ತನುಜಾ? ಇಷ್ಟು ವರ್ಷ?”

ಸುಮ್ಮನೆ ಸಮಾಧಾನ ಹೇಳುವವಳಲ್ಲ ಅವಳು, ಮಕ್ಕಳಿಗೂ ಹಾಗೆ ಹೇಳುತ್ತಿರಲಿಲ್ಲ. “ಅಡ್ಡ ಇದ್ದಿದ್ದು ನಿಜ,” ಎಂದಳು. “ಅದ್ಕೇ ಪಕ್ಕದ ಸಂದೀಲಿ ಕಂಡಿದ್ದನ್ನೇ ಗಟ್ಟಿಯಾಗಿ ನೋಡೋದು ಅಭ್ಯಾಸ ಆಯ್ತು. ಶಿಬಿರದಲ್ಲಿ ಕೂತ್ಕೊಂಡಾಗ ಮಿಕ್ಕಿದ್ದೆಲ್ಲಾ ಹೊಡೆದು ಹೊಡೆದು ಬರೆದೆ. ನಾಯಿ ನೋಡೋಕೆ ಬೇಕು ಅಂತ ಗೇಟ್ ಹತ್ರ ಹೋಗಿ ನಿಂತಿದ್ದೆ ಒಂದಿನ. ನಿಮ್ಮ ಬೆನ್ನು ಮಾತ್ರ ಮೊದಲನೇ ಸಲಕ್ಕೇ ಬಂತು. ನೋಡೋದೇ ಬೇಕಾಗಲಿಲ್ಲ ನನಗೆ.” ಹೇಳಿ, ತಾನು ಹೇಳಿದ್ದಕ್ಕೆ ತಾನೇ ಸಂಕೋಚಪಟ್ಟವಳಂತೆ ಕ್ಲಿಪ್ಪುಗಳನ್ನು ತಂತಿಯಿಂದ ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕತೊಡಗಿದಳು. ಕೆಂಪರಾಜು ಬಟ್ಟೆಯ ರಾಶಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಬಟ್ಟೆ ಬಿಸಿಲಿಗೆ ಬೆಚ್ಚಗಿತ್ತು.

ಕೆಳಗೆ ಟೀ ಕುಡಿದಾದ ಮೇಲೆ ಅವಳು ಮಂಚದ ಕೆಳಗಿನಿಂದ ಹಾಳೆಗಳ ಕಟ್ಟು, ಇಂಕಿನ ಬಾಟಲಿ ತೆಗೆದಳು. “ಅಲ್ಲಿ ಕೂತ್ಕೊಳಿ, ಕಿಟಕಿ ಹತ್ರ. ಈ ಕಡೆ ತಿರುಗಿ,” ಎಂದಳು. “ಮುಖ ನನಗೆ ಬರಲ್ಲ. ಹತ್ತು ದಿನವೂ ಟ್ರೈ ಮಾಡಿದೆ, ಬರಲಿಲ್ಲ.” ಅವನು ಕೂತ. ಮುಖ ಹೇಗಿಟ್ಟುಕೊಳ್ಳಬೇಕು ಎಂದು ಕೇಳಿದ. ಹೇಗೂ ಇಟ್ಟುಕೊಳ್ಳಬೇಡಿ ಎಂದಳು. ಅದು ಕಷ್ಟವಾಯಿತು. ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು. ಎದುರಿಗೆ ತನುಜ ಕಣ್ಣು ಕಿರಿದು ಮಾಡಿ ಅವನನ್ನು ನೋಡುತ್ತಿದ್ದಳು. ಗಂಡನನ್ನು ನೋಡುವ ನೋಟ ಅದಲ್ಲ. ಅವನ ಹುಬ್ಬು, ದವಡೆ, ಕಿವಿಯನ್ನು ಒಂದೊಂದಾಗಿ ಎತ್ತಿ ಅಳೆಯುವ ನೋಟ. ಎಷ್ಟೋ ಜನರ ಜಮೀನಿನ ಎದುರು ನಿಂತು ತಾನು ಹೀಗೆ ನೋಡಿದ್ದೇನೆ, ಆಗ ಆ ಜನಕ್ಕೂ ಹೀಗೇ ಅನ್ನಿಸುತ್ತಿತ್ತೇನೋ ಎಂದುಕೊಂಡ. ಆದರೂ ಎದ್ದು ಹೋಗಬೇಕೆನ್ನಿಸಲಿಲ್ಲ. ಕೊಂಡಮ್ಮ ಕೋಲೂರಿಕೊಂಡು ಬಂದು ಸೊಸೆಯ ಹಿಂದೆ ನಿಂತು ಇಣುಕಿದಳು. “ಮುಕ್ಕು ಇನ್ನೂ ಪೆದ್ದದಮ್ಮ ವಾಡಿದಿ,” ಎಂದಳು. “ಅವನಪ್ಪನ ಮೂಗು ಅದು. ಸಣ್ಣದು ಮಾಡ್ಬೇಡ.”

ತನುಜ ಮೂರು ಹಾಳೆ ಬರೆದು ಮೂರನ್ನೂ ಬೋರಲು ಹಾಕಿದಳು. ಕಿಟಕಿಯ ಬೆಳಕು ಹಳದಿಯಾಗಿ, ಬೂದಿಯಾಗಿ, ನಿಬ್ಬು ಕಾಣದಂತಾಯಿತು.

“ಬರಲಿಲ್ವಾ?” ಎಂದ ಕೆಂಪರಾಜು.

“ಇಲ್ಲ. ಏನೋ ಇದೆ, ಸಿಕ್ತಿಲ್ಲ. ನಾಳೆ ಮತ್ತೆ ಕೂತ್ಕೋತೀರಾ?”

ನಾಳೆ ಮಧ್ಯಾಹ್ನದ ಮೇಲೆ ಎರಡು ಹದ್ದುಬಸ್ತಿದ್ದವು, ಎರಡೂ ಜಗಳದವು, ಕತ್ತಲಾಗುವವರೆಗೆ ಎಳೆಯುವಂಥವು. ಒಂದನ್ನು ಗುರುವಾರಕ್ಕೆ ಹಾಕಿದರಾಯಿತು ಎಂದುಕೊಂಡ.

“ಐದಕ್ಕೆಲ್ಲಾ ಬಂದ್ಬಿಡ್ತೀನಿ,” ಎಂದ. “ಬೆಳಕಿರೋವಾಗ್ಲೇ ಶುರುಮಾಡು.”